ಅಕ್ಕನ ಕಿಟಕಿಯ ಬಾಟಲಿ

ಅಕ್ಕನಿಗೆ ಜ್ವರ ಎಂದು ತಿಳಿದು ಪೆರಿಯಕುಳಂನಿಂದ ಬಸ್ಸು ಹಿಡಿದು ಅವಳ ಗಂಡನ ಊರು ಕೊಂಬೈಗೆ ಹೋದೆ. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಯಾವಾಗಲೂ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದವಳು ಅಂದು ಮಂಚದ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದಳು.

"ಕಣ್ಣ ಹಿಂದೆ ಯಾರೋ ಒತ್ತಿದಂಗೆ ನೋವು ಕಣೇ. ಮೂಳೆಯೆಲ್ಲ ಮುರಿದಂಗೆ ಐತೆ" ಎಂದಳು.

ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಊರಿನ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಬೇರೆ ನೋವಿನ ಮಾತ್ರೆ ಬೇಡ, ಅದು ರಕ್ತಸ್ರಾವ ತರಬಹುದು. ಗಂಜಿ, ಎಳನೀರು ಕುಡಿಸುತ್ತಿರಿ. ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಜ್ವರ ಇಳಿದಾಗ ಮೈಮರೆಯಬೇಡಿ. ಅಪಾಯ ಬರುವುದೇ ಆಗ.

ಅಕ್ಕನ ಅತ್ತೆಗೆ ಪರದೆಯ ಮಾತು ವಿಚಿತ್ರವೆನಿಸಿತು. ನಮ್ಮ ಮನೆಮಾತು ಕನ್ನಡವಾದರೂ ಸೊಳ್ಳೆಗೆ ನಾವು ತಮಿಳಿನಂತೆ ಕೊಸು ಎಂದೇ ಅನ್ನುವುದು. "ಕಚ್ಚೋ ಕೊಸು ಕಚ್ಚಿಯಾಯ್ತು. ಇನ್ನೇನಕ್ಕೆ ಪರದೆ?" ಎಂದು ಕೇಳಿದರು. ಆದರೂ ಡಾಕ್ಟರಮ್ಮ ಹೇಳಿದ್ದಾರೆಂದು ಪರದೆ ಕಟ್ಟಿದೆವು.

ಜ್ವರ ಇಳಿದ ಬೆಳಿಗ್ಗೆ ಅಕ್ಕ ಎದ್ದು ಕೂತು ಇಡ್ಲಿ ಕೇಳಿದಳು. ಅತ್ತೆ ದೇವರಿಗೆ ದೀಪ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹೊಟ್ಟೆ ಹಿಡಿದುಕೊಂಡಳು, ಮತ್ತೆ ಮತ್ತೆ ವಾಂತಿ. ಕೈಕಾಲು ತಣ್ಣಗಿದ್ದವು. "ಜುರ ಬಿಟ್ಟ ಬಲಹೀನ ಅಷ್ಟೇ" ಎಂದರು ಅತ್ತೆ. ಡಾಕ್ಟರಮ್ಮನ ಮಾತು ನೆನಪಾಗಿ ನಾನು ಕಾರು ಕರೆಸಿದೆ. ತೇನಿಯ ಆಸ್ಪತ್ರೆಯಲ್ಲಿ ತಕ್ಷಣ ಡ್ರಿಪ್ ಹಾಕಿದರು. ರಕ್ತನಾಳಗಳಿಂದ ನೀರಿನಂಶ ಸೋರುತ್ತಿದೆ, ಬಂದದ್ದು ಒಳ್ಳೆಯದಾಯಿತು ಎಂದರು. ಅವಳ ಮುಖಕ್ಕೆ ಮತ್ತೆ ಕಳೆ ಬರುವವರೆಗೂ ನನಗೆ ಊಟ ಸೇರಲಿಲ್ಲ.

ಮನೆಗೆ ಮರಳಿದ ಮೇಲೆ ಅಕ್ಕನಿಗೆ ಒಂದೇ ಪ್ರಶ್ನೆ. "ನಮ್ಮ ಮನೆ ಹತ್ರ ಚರಂಡಿನೇ ಇಲ್ಲ. ನೀರಿನ ಡ್ರಮ್ಮಿಗೆ ಮುಚ್ಚಳ ಐತೆ. ಈ ಕೊಸು ಎಲ್ಲಿಂದ ಬಂತು?"

ನೀರು ಎಲ್ಲಿ ನಿಂತಿದೆಯೆಂದು ನಾನು ಹುಡುಕಲು ಶುರುಮಾಡಿದೆ. ಹಿತ್ತಲಿನ ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲವೂ ಒಣಗಿದ್ದವು. ಕೊನೆಗೆ ಹೊಲಿಗೆ ಯಂತ್ರದ ಪಕ್ಕದ ಕಿಟಕಿಯಲ್ಲಿ ಗಾಜಿನ ಬಾಟಲಿ ಕಂಡಿತು. ನೀರಲ್ಲಿ ಬೇರು ಬಿಟ್ಟ ಮನಿಪ್ಲಾಂಟ್. ಬೇರುಗಳ ನಡುವೆ ಕೂದಲೆಳೆಯಂಥ ಹುಳುಗಳು ಮೈ ಕೊಂಕಿಸುತ್ತ ಮೇಲೆ ಬಂದು, ಬಾಲವನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತಿದ್ದವು.

"ಅದಾ? ದಿನಾ ನೋಡ್ತಿದ್ದೆ. ಬೇರಲ್ಲಿ ಹುಟ್ಟೋ ಹುಳ ಅಂದ್ಕೊಂಡಿದ್ದೆ" ಎಂದಳು ಅಕ್ಕ.

ನೀರನ್ನು ಬಿಸಿಲಿನ ನೆಲಕ್ಕೆ ಚೆಲ್ಲಿ, ಬಾಟಲಿ ಉಜ್ಜಿ ತೊಳೆದು, ಗಿಡವನ್ನು ಮಣ್ಣಿಗೆ ನೆಟ್ಟೆವು. ಒಂದೆರಡು ಹುಳು ಮಾತ್ರ ಲೋಟದ ನೀರಲ್ಲಿ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದು, ಅವು ನಿಜಕ್ಕೂ ಕೊಸುವಾಗುತ್ತವೆಯೇ ನೋಡಬೇಕೆಂಬ ಅಕ್ಕನ ಹಟಕ್ಕೆ. ಅವು ಮುದುರಿ ಅಲ್ಪವಿರಾಮದಂತಾದವು. ಮುಂದೊಂದು ಮುಂಜಾನೆ ಬಟ್ಟೆಯ ಕೆಳಗೆ ಸೊಳ್ಳೆಯೊಂದು ಕೂತಿತ್ತು, ಕಪ್ಪು ಕಾಲಿಗೆ ಬಿಳಿ ಬಳೆ ತೊಟ್ಟಂತೆ. ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟೆಯ ಮೇಲಿಂದಲೇ ಒತ್ತಿ ಸಾಯಿಸಿದಳು.

ಮರುಪರೀಕ್ಷೆಗೆ ಹೋದಾಗ ಅತ್ತೆಯೂ ಬಂದರು. ಹುಟ್ಟುವಾಗಲೇ ಸೊಳ್ಳೆಯಲ್ಲಿ ಜ್ವರ ಇರುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಸಾಮಾನ್ಯವಾಗಿ ಇಲ್ಲ, ಜ್ವರ ಇರುವವರನ್ನು ಕಚ್ಚಿದ ಮೇಲೆ ರೋಗ ಅದರ ಮೈಗೆ ಸೇರುತ್ತದೆ, ಅದಕ್ಕೇ ರೋಗಿಗೆ ಪರದೆ ಎಂದರು. ನಿಮ್ಮ ಬಾಟಲಿಯ ಸೊಳ್ಳೆಯೇ ಕಚ್ಚಿತೆಂದು ಹೇಳಲಾಗದು ಎಂದೂ ಸೇರಿಸಿದರು.

ಹೊರಗೆ ಬರುತ್ತಲೇ ಅತ್ತೆ ಕೇಳಿದರು, "ಹಂಗಾದ್ರೆ ಅದಕ್ಕೂ ಜುರ ಬಂದಿದ್ದು ನಮ್ಮ ಬೀದಿಯೋರಿಂದಲೇನಾ?"

"ಇರಬಹುದು ಅತ್ತೆ."

ಸಂಜೆ ಅವರು ಸೆರಗು ಸಿಕ್ಕಿಸಿಕೊಂಡು ಬೀದಿಗೆ ಇಳಿದರು. ಯಾರ ಮನೆಯಲ್ಲಿ ಜ್ವರ, ಯಾರ ಡ್ರಮ್ಮು ತೆರೆದಿದೆ ಎಂದು ಬಾಗಿಲು ಬಾಗಿಲಿಗೆ ಕೇಳುತ್ತ ಹೋಗುತ್ತಿದ್ದುದನ್ನು ಅಕ್ಕ ಕಿಟಕಿಯಿಂದ ನೋಡುತ್ತ, ಇನ್ನೂ ನೋಯುತ್ತಿದ್ದ ಬೆರಳುಗಳಿಂದ ಸೂಜಿಗೆ ದಾರ ಪೋಣಿಸುತ್ತಿದ್ದಳು.