ಬಿಸಿ ಬಲ್ಲ ಕೈ

ಕುದುರೆಯಜ್ಜನ ಕೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಮೂವತ್ತು ವರ್ಷ ಕುದುರೆಗಳ ಮೈ ಉಜ್ಜಿ ಉಜ್ಜಿ ಚರ್ಮ ಹಳೆಯ ಬೆಲ್ಟಿನಂತೆ ಮಿನುಗುತ್ತಿತ್ತು. ಹಾಲಿನ ಪಾತ್ರೆಯಾಗಲಿ, ಬಿಸಿಲಿಗೆ ಕಾದ ಗೇಟಾಗಲಿ, ಕೈ ತಿರುಗಿಸಿ ಹಿಂಬದಿಯಿಂದಲೇ ಮುಟ್ಟಿ ಬಿಸಿ ನೋಡುತ್ತಿದ್ದರು. "ಅಂಗೈ ದಪ್ಪ ಅಮ್ಮ, ಸುಳ್ಳು ಹೇಳ್ತದೆ," ಎನ್ನುತ್ತಿದ್ದರು.

ಕಾಡುಗೋಡಿಯ ನಮ್ಮ ಮನೆಯ ಹಿಂದಿನ ಒಂಟಿ ಕೋಣೆಗೆ ಅವರು ಬಾಡಿಗೆಗೆ ಬಂದಾಗ ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದರ ಗೇಟಿನಲ್ಲಿ ಅವರಿಗೆ ಕಾವಲು ಕೆಲಸ. ಅದಕ್ಕೂ ಮುಂಚೆ ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಬೀದಿಗೆಲ್ಲ ಕುದುರೆಯಜ್ಜ. ರೇಸಿನ ದಿನ ರೈಲು ಹತ್ತಿ ಹೋಗುತ್ತಿದ್ದರು, ಆದರೆ ಬಾಜಿ ಕಟ್ಟುತ್ತಿರಲಿಲ್ಲ. ಕೊನೆಯ ತಿರುವಿನ ಕಂಬಿ ಹಿಡಿದು ನಿಂತು ಕುದುರೆಗಳ ಕಾಲು ನೋಡಿಕೊಂಡು ಬರುತ್ತಿದ್ದರು. ಕೆಲವು ಸಂಜೆ ಬಂದವರೇ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇರುತ್ತಿದ್ದರು. ಅಂದು ಅಲ್ಲಿ ಯಾವುದೋ ಕುದುರೆ ಬಿದ್ದಿದೆಯೆಂದು ನನಗೆ ತಿಳಿಯುತ್ತಿತ್ತು.

ನನಗೋ ಬಾಜಿಯ ಚಪಲ. ಕಾಫಿ ಕೊಡುವ ನೆಪದಲ್ಲಿ ಕೇಳುತ್ತಿದ್ದೆ. "ಇವತ್ತು ಯಾವ್ದು ಗೆಲ್ಲತ್ತೆ? ನನ್ನ ಕಿವೀಲಿ ಹೇಳಿ, ಯಜಮಾನ್ರಿಗೆ ಗೊತ್ತಾಗಲ್ಲ."

"ಗೆಲ್ಲೋದು ದೇವರಿಗೆ ಗೊತ್ತು. ಬೀಳೋದು ನಂಗೆ ಗೊತ್ತಾಗ್ತದೆ. ಹೇಳ್ಲಾ?"

ಬೇಡವೆಂದೆ.

ಅಂಗಳದ ಮಣ್ಣಿನಲ್ಲಿ, ಸದಾ ಕೈಯಲ್ಲಿರುತ್ತಿದ್ದ ಕೊಡೆಯ ತುದಿಯಿಂದ ರೇಸ್ ಕೋರ್ಸು ಬರೆದು ತೋರಿಸುತ್ತಿದ್ದರು. ಬ್ರಿಟಿಷರ ಕಾಲದ ಜಾಗವಂತೆ, ಊರು ಸುತ್ತುವರಿದರೂ ಹುಲ್ಲು ಮಾತ್ರ ಹಾಗೇ ಉಳಿದಿದೆಯಂತೆ. ಬಲಕ್ಕೆ ಸುತ್ತುವ ಹಾದಿ. ಇಳಿಜಾರು, ಆಮೇಲೆ ಏರು, ಆಮೇಲೆ ತಿರುವು. "ಇಳಿಜಾರಲ್ಲಿ ಹಾರಿದ್ದು ಏರಲ್ಲಿ ಸುಸ್ತಾಗ್ತದೆ. ಮಳೆ ಬಿದ್ದ ದಿನ ಎಲ್ಲರೂ ಬಾಜಿ ಕಟ್ಟಿರೋ ಕುದುರೇನ ನಂಬಬಾರ್ದು, ನೆಲ ಕಾಲು ಹಿಡೀತದೆ," ಎನ್ನುತ್ತ ಕೊಡೆಯನ್ನು ನೆಲಕ್ಕೆ ಚುಚ್ಚಿ ಎಷ್ಟು ಇಳಿಯಿತೆಂದು ನೋಡುತ್ತಿದ್ದರು. ಕೊನೆಯ ತಿರುವಿಗೆ ಬಂದಾಗ ಕೊಡೆ ನಿಂತುಬಿಡುತ್ತಿತ್ತು.

ಯಾಕೆಂದು ಒಮ್ಮೆ ಅವರೇ ಹೇಳಿದರು. ಎರಡು ವರ್ಷದ ಮರಿಯಿಂದ ಅವರು ಸಾಕಿದ ಕಂದು ಹೆಣ್ಣು ಕುದುರೆ. ರೇಸಿನ ಬೆಳಿಗ್ಗೆ ಮುಂಗಾಲು ಮುಟ್ಟಿದರೆ ಬಿಸಿ. ಊತವಿಲ್ಲ, ಕುಂಟಿಲ್ಲ, ಬರೀ ಬಿಸಿ. ಅಂದು ಊರೆಲ್ಲ ಅದರ ಮೇಲೆಯೇ ಬಾಜಿ ಕಟ್ಟಿತ್ತು.

"ಇಷ್ಟಕ್ಕೆ ಯಾರು ಓಟ ನಿಲ್ಲಿಸ್ತಾರೆ ಅಂತ ಸುಮ್ಮನಾದೆ ಅಮ್ಮ. ತಿರುವಲ್ಲಿ ಕಾಲು ಮುರೀತು. ಕಾಲು ಮುರಿದ ಕುದುರೇನ ಉಳಿಸಲ್ಲ, ಕೊಲ್ಲೋದು ಜನಕ್ಕೆ ಕಾಣದಂಗೆ ಸುತ್ತ ಪರದೆ ಹಿಡಿದ್ರು. ಪರದೆ ಒಳಗೆ ನನ್ನ ಕಂಡು ಎದ್ದೇಳಕ್ಕೆ ನೋಡ್ತು."

ಈ ಮಾತಾಗಿ ಕೆಲವೇ ವಾರ. ಮಗಳ ಊರಿನಿಂದ ಹತ್ತು ತಾಸು ಬಸ್ಸಿನಲ್ಲಿ ಕೂತು ಬಂದಿದ್ದೆ. ಮೂರನೆಯ ದಿನ ಬಟ್ಟೆ ಒಣಹಾಕುವಾಗ ಅವರು ನನ್ನ ನಡಿಗೆಯನ್ನೇ ನೋಡುತ್ತಿದ್ದರು.

"ಎಡಗಾಲಿಗೇನಾಯ್ತು?"

"ಬಸ್ಸಲ್ಲಿ ಹಿಡ್ಕೊಂಡಿದೆ. ಎಣ್ಣೆ ಹಚ್ಚಿ ಉಜ್ಜಿದ್ರೆ ಸರಿಹೋಗತ್ತೆ."

"ಉಜ್ಜಬೇಡಿ."

ಕೊಡೆ ಕೆಳಗಿಟ್ಟು, ಅಪ್ಪಣೆ ಕೇಳಿ, ಕೈಯ ಹಿಂಬದಿಯನ್ನು ನನ್ನ ಬಲ ಮೀನಖಂಡಕ್ಕೆ ತಾಗಿಸಿದರು, ಆಮೇಲೆ ಎಡಕ್ಕೆ. ಎಡದಲ್ಲಿ ಕೈ ನಿಂತಿತು.

"ಬಿಸಿ ಅದೆ. ಆಸ್ಪತ್ರೆಗೆ ನಡೀರಿ."

"ನಾನೇನು ನಿಮ್ಮ ರೇಸ್ ಕುದುರೆನಾ? ಈ ವಯಸ್ಸಲ್ಲಿ ನನ್ ಮೇಲೆ ಯಾರ್ರೀ ಬಾಜಿ ಕಟ್ತಾರೆ?"

ನಾನೊಬ್ಬಳೇ ನಕ್ಕು, ಎಣ್ಣೆ ತರಲು ಒಳಗೆ ಹೊರಟೆ. ಅವರು ಅಡುಗೆಮನೆಯ ಬಾಗಿಲಿಗೆ ಕೊಡೆ ಅಡ್ಡ ಇಟ್ಟು ಅಲ್ಲೇ ಕುಕ್ಕರಿಸಿದರು. "ಇನ್ನೊಂದ್ಸಲ ಸುಮ್ಮನಿರಕ್ಕೆ ನನ್ ಕೈಲಿ ಆಗಲ್ಲಮ್ಮ." ಆ ಮುಖ ನೋಡಿ ನಮ್ಮ ಯಜಮಾನರು ಆಟೋ ತಂದರು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಉಜ್ಜಿಲ್ಲ ತಾನೇ?" ಎಂದರು ಡಾಕ್ಟರು. "ಪುಣ್ಯ. ಉಜ್ಜಿದ್ರೆ ಎದೆಗೆ ಏರಬಹುದಿತ್ತು." ಇಂದು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿರುವ ಈ ಮುದುಕಿ ಅವರು ಉಳಿಸಿಕೊಟ್ಟವಳು.

ಎರಡು ವರ್ಷದ ಮೇಲೆ ಒಂದು ರೇಸಿನ ದಿನ ರೈಲಿನ ಹೊತ್ತು ಮೀರಿದರೂ ಅವರು ಹೊರಗೆ ಬರಲಿಲ್ಲ. ಕಾಫಿ ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಒಗೆದ ಅಂಗಿ ತೊಟ್ಟು, ಕೊಡೆ ಪಕ್ಕಕ್ಕಿಟ್ಟುಕೊಂಡು ಮಲಗಿದ್ದರು. ಕರೆದೆ. ಮುಟ್ಟಲು ಅಂಗೈ ಚಾಚಿದವಳು, ನೆನಪಾಗಿ ಕೈ ತಿರುಗಿಸಿದೆ. ಮೊದಲು ಬಲಗಾಲು, ಆಮೇಲೆ ಎಡಗಾಲು.

ಎಲ್ಲೂ ಬಿಸಿ ಇರಲಿಲ್ಲ.