ತಂತಿ ತಂದವನಿಗೆ ಒಂದು ಲೋಟ ಮಜ್ಜಿಗೆ

ಹೋದ ಶುಕ್ರವಾರ ತೀರಿಕೊಂಡ ಚಿಕ್ಕಮುನಿಯಪ್ಪ ಬಂಗಾರಪೇಟೆಯ ಅಂಚೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ತಂತಿ ಹಂಚಿದವನು. ನಮ್ಮ ಕಡೆ ತಂತಿ ಬಂತೆಂದರೆ ಸಾವು ಬಂತೆಂದೇ ಅರ್ಥ. ಚಿನ್ನದ ಗಣಿಯೊಳಗೆ ಬಂಡೆ ಕುಸಿದರೆ ಮೊದಲು ಬರುವುದು ಅದೇ. ಅವನ ಖಾಕಿ ಕೋಟು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಬಾಗಿಲುಗಳು ಮುಚ್ಚುತ್ತಿದ್ದವು. ಬಿಸಿಲಲ್ಲಿ ಆರೇಳು ಮೈಲಿ ಸೈಕಲ್ ತುಳಿದು ಬಂದವನಿಗೆ ನೀರು ಕೊಡುವ ಮನೆ ಒಂದೂ ಇರಲಿಲ್ಲ. ಕೊಟ್ಟರೆ ಸಾವನ್ನು ಒಳಗೆ ಕರೆದು ಉಪಚರಿಸಿದಂತೆ ಎಂದು ಹೆದರುತ್ತಿದ್ದರು.

ಲಕೋಟೆಯೊಳಗೆ ಏನಿದೆಯೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಅವನಿಗೆ ಇಂಗ್ಲಿಷ್ ಬಾರದು. ನಮ್ಮ ಬೀದಿಯಲ್ಲಿ ಅದು ಬರುತ್ತಿದ್ದವನು ನಾನೊಬ್ಬನೇ. ಹಾಗಾಗಿ ಎಲ್ಲರ ತಂತಿಯೂ ನನ್ನ ಜಗಲಿಗೆ ಬರುತ್ತಿತ್ತು, ಹಾಗೆಯೇ ನಮ್ಮ ಗೆಳೆತನವೂ ಬೆಳೆಯಿತು. ಸಂಜೆ ಪಂಚೆಯುಟ್ಟು ಬಂದರೆ ಅವನಿಗೆ ನಡುಮನೆಯಲ್ಲಿ ಕಾಫಿ. ಕೋಟು ತೊಟ್ಟು ಬಂದರೆ ಮಾತ್ರ ನಾನು ಹೊಸಿಲ ಒಳಗಿನಿಂದಲೇ ಕೈ ಚಾಚುತ್ತಿದ್ದೆ. ಮೂಢನಂಬಿಕೆಯ ಬಗ್ಗೆ ನಾನು ಶಾಲೆಯಲ್ಲಿ ಮಾಡಿದ ಭಾಷಣಗಳ ಮಾತು ಈಗ ಬೇಡ.

ನಿವೃತ್ತಿಗೆ ಒಂದು ವಾರ ಇದ್ದಾಗ ಅವನು ಹೇಳಿದ: "ಮೇಷ್ಟ್ರೇ, ಒಂದಾಸೆ ಉಳ್ಕಂಡದೆ. ಈ ಕೋಟ್ನಾಗೆ ಬಂದಾಗ, ತಂತಿ ಒಡೆಯಾಕೆ ಮುಂಚೆ, ಯಾರಾನಾ ಒಳಗ್ ಕೂರ್ಸಿ ಒಂದ್ಲೋಟ ಮಜ್ಜಿಗೆ ಕೊಡ್ಬೇಕು."

"ಅಷ್ಟೇ ತಾನೆ? ನಮ್ಮನೇಲೇ ಕೊಡ್ತೀನಿ ಬಾರಯ್ಯ."

"ನಿಮ್ಗೆ ತಂತಿ ಯಾರು ಕಳಿಸ್ತಾರೆ ಬಿಡಿ! ನಿಮ್ ನೆಂಟ್ರೆಲ್ಲಾ ಕಾರ್ಡ್ ಬರೆಯೋ ಜನ."

ಮರುದಿನ ಯಾರಿಗೂ ಕಾರಣ ಹೇಳದೆ ರೈಲು ಹತ್ತಿ ಚಿನ್ನದ ಗಣಿಗಳಿರುವ ಊರಿಗಾಂಗೆ ಹೋದೆ. ಅಲ್ಲಿಂದ ನನ್ನ ವಿಳಾಸಕ್ಕೆ ನಾನೇ ಇಂಗ್ಲಿಷಿನಲ್ಲಿ ಒಂದು ತಂತಿ ಕೊಟ್ಟೆ: "ಮಜ್ಜಿಗೆ ಸಿದ್ಧವಾಗಿದೆ." ವಾಪಸು ರೈಲಿನಲ್ಲಿ ಮನೆ ಸೇರಿ, ಕುರ್ಚಿ ಹಾಕಿಸಿ, ಅವನ ದಾರಿ ಕಾಯಬೇಕೆಂದುಕೊಂಡಿದ್ದೆ. ತಂತಿ ರೈಲಿಗಿಂತ ಬೇಗ ತಲುಪುತ್ತದೆಂದು ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದವನು ನಾನು. ಅದು ನನಗೆ ನೆನಪಾದಾಗ ರೈಲು ಅರ್ಧ ದಾರಿಯಲ್ಲಿತ್ತು.

ಬೀದಿಗೆ ತಿರುಗುವಾಗಲೇ ಅಳು ಕೇಳಿಸಿತು. ನನ್ನ ಮನೆಯ ಮುಂದೆ ಜನ ಸೇರಿದ್ದರು. ಗಂಡ ಊರಿಗಾಂಗೆ ಹೋದ, ಹಿಂದೆಯೇ ತಂತಿ ಬಂತು; ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮನಿಗೆ ಅಷ್ಟು ಸಾಕಾಗಿತ್ತು. ಅವಳು ಲಕೋಟೆ ಮುಟ್ಟಿರಲಿಲ್ಲ. ಒಡೆದರೂ ಓದಿ ಹೇಳಬೇಕಾದವನು ನಾನೇ, ನಾನೋ ಸತ್ತುಹೋಗಿದ್ದೆ.

ಎದುರು ಮನೆಯ ಅಮ್ಮಾಜಮ್ಮ ನನ್ನನ್ನು ನೋಡಿ ಕಿರುಚಿದಳು: "ಅಯ್ಯೋ ಮೇಷ್ಟ್ರೇ, ನೀವು ಓಗ್ಬಿಟ್ಟಿದ್ರಲ್ಲಾ! ಈಗಿನ್ನೂ ಅತ್ತು ಮುಗ್ಸಿದ್ದೆ!"

ಸಹಿ ಮಾಡಿಸಿಕೊಂಡು ತಿರುಗಿ ನೋಡದೆ ಹೊರಡುವುದು ಚಿಕ್ಕಮುನಿಯಪ್ಪನ ಪದ್ಧತಿ. ಆ ದಿನ ಅವನು ಹೊರಟಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಒಡೆಯದ ಲಕೋಟೆ ಕೈಯಲ್ಲೇ ಇತ್ತು.

ಕೈ ಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ನನ್ನ ಕೈಯಾರೆ ಮಜ್ಜಿಗೆ ತಂದೆ. "ಮೊದಲು ಕುಡಿ. ಆಮೇಲೆ ಒಡೆಯೋಣ."

ಕಣ್ಣೊರೆಸಿಕೊಂಡು ಪೂರ್ತಿ ಕುಡಿದ. ಆಮೇಲೆ ನಾನು ಲಕೋಟೆ ಒಡೆದು ಓದಿ ಹೇಳಿದೆ. ಅವನು ಸಹಿ ಪುಸ್ತಕವನ್ನು ನನ್ನ ಮುಂದೆ ಚಾಚಿದ.

"ಇದುಕ್ಕಾ ನನ್ನ ಅಳಿಸಿದ್ದು? ಸಯಿ ಆಕಿ ಇಲ್ಲಿ. ಇನ್ನೊಂದ್ಲೋಟ ತನ್ನಿ, ಅತ್ತಿದ್ದುಕ್ಕೆ."

ಶುಕ್ರವಾರ ಅವನ ಮನೆಯ ಕಂಬಕ್ಕೆ ಒರಗಿ ನಾನೂ ಅತ್ತೆ. ನಡುವೆ ಎರಡು ಸಲ, ನನ್ನಂತೆ ಅವನೂ ನಡೆದು ಬಂದಾನೆಂದು, ಬೀದಿಯ ತಿರುವಿನ ಕಡೆ ನೋಡಿದೆ.