ಕುಂಬಾರ ಹುಳಕ್ಕೆ ಬಿಟ್ಟ ದಾರಿ

ಆ ಕಾಲದಲ್ಲಿ ನಮ್ಮ ಮೇಲೂರಿನ ಮನೆಗಳಲ್ಲಿ ಮನುಷ್ಯರು ಕಾಲು ಚಾಚಿ ಮಲಗೋದಕ್ಕೆ ಜಾಗ ಇರುತ್ತಿತ್ತೋ ಇಲ್ಲವೋ, ರೇಷ್ಮೆ ಹುಳಕ್ಕಂತೂ ತಂಪಾದ ದೊಡ್ಡ ಕೋಣೆ ಇರಲೇಬೇಕಿತ್ತು. ಹಂಚಿನ ಸೂರು, ಸಗಣಿ ಸಾರಿಸಿದ ನೆಲ, ಸಾಲಾಗಿ ಬಿದಿರು ತಟ್ಟೆಗಳು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ನಮ್ಮ ಬಟ್ಟೆಗೆ, ತಲೆಗೆ, ಕೊನೆಗೆ ತಿನ್ನೋ ಮುದ್ದೆಗೂ ಹತ್ತಿಕೊಂಡಿರುತ್ತಿತ್ತು. ಊಜಿ ನೊಣ ಬಂದು ಊರನ್ನೆಲ್ಲ ನಡುಗಿಸಿದ್ದ ಹೊಸದು. ಅದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಮುಗೀತು, ನೊಣದ ಮರಿ ಆ ಹುಳವನ್ನು ಒಳಗಿಂದ ತಿಂದು ರೇಷ್ಮೆಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತಿತ್ತು. ಅದಕ್ಕೇ ಎಲ್ಲರೂ ಹುಳಮನೆ ಕಿಟಕಿಗಳಿಗೆ ನೈಲಾನ್ ಪರದೆ ಬಡಿದಿದ್ದರು.

ನಮಗೆ ಮಕ್ಕಳಿಗೆ ನೊಣದ ಚಿಂತೆ ಎಲ್ಲಿಂದ ಬರಬೇಕು? ನಮ್ಮದೆಲ್ಲ ಕಣಜದ ಸಾವಾಸ. ಅವುಗಳಿಗೆ ನಾವೇ ಜಾತಿ ಮಾಡಿದ್ದೆವು. ಸೂರಿನ ಕೆಳಗೆ ಕಾಗದದಂಥ ಗೂಡನ್ನು ಛತ್ರಿಯ ಹಾಗೆ ನೇತುಹಾಕುವ ಹಳದಿ ಕಣಜ ರೌಡಿ; ಕಚ್ಚಿದರೆ ಮುಖ ಬೋಂಡ. ಮರಳಲ್ಲಿ ಬಿಲ ತೋಡುವ ಕರೀದು ತನ್ನ ಪಾಡಿಗೆ ತಾನು. ಗೋಡೆಗೆ ಜೇಡಿಮಣ್ಣು ಮೆತ್ತಿ ಪುಟಾಣಿ ಮಡಕೆ ಮಾಡುವ, ನಡು ದಾರದಷ್ಟೇ ಇರುವ ಕುಂಬಾರ ಹುಳ ಸಾಧು. ಅಜ್ಜಿ ಮಾತ್ರ ಎಲ್ಲದಕ್ಕೂ ತೆಲುಗಲ್ಲಿ "ಕಂದಿರೀಗ" ಅಂದು ಮುಗಿಸಿಬಿಡುತ್ತಿದ್ದಳು.

ಚಿಕ್ಕಪ್ಪನ ಹೆಂಡತಿ ರತ್ನಮ್ಮ ಸಾದಲಿಯವಳು. ಮದುವೆಯಾಗಿ ವರ್ಷಗಳೇ ಕಳೆದರೂ ಅವಳ ಮಡಿಲು ತುಂಬಿರಲಿಲ್ಲ. ಅಮ್ಮ ಎಳೆ ತಮ್ಮನ ಜೊತೆ ಒದ್ದಾಡುತ್ತಿದ್ದುದರಿಂದ ನನ್ನ ಎಣ್ಣೆ, ನೀರು, ಜಡೆ ಎಲ್ಲ ಈ ಚಿಕ್ಕಮ್ಮನದೇ. ಮುಟ್ಟಾದವರು ಹುಳಮನೆಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ತಿಂಗಳು ತಿಂಗಳೂ ಚಿಕ್ಕಮ್ಮ ಹಿತ್ತಿಲ ಜಗಲಿ ಮೇಲೆ ಕೂತದ್ದು ಸೊಪ್ಪು ತರುವ ಆಳಿಗೂ ಗೊತ್ತಾಗುತ್ತಿತ್ತು. ಒಬ್ಬ ಹೆಂಗಸಿಗೆ ಅಷ್ಟೂ ಮರೆ ಬೇಡವೇ ಅಂತ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

"ಉಗಾದಿ ತನಕ ನೋಡ್ತೀನಿ. ಆಮೇಲೆ ನನ್ನ ಮಗನಿಗೆ ಬೇರೆ ಹೆಣ್ಣು ತರ್ತೀನಿ," ಅಂತ ಅಜ್ಜಿ ಅವಳೆದುರೇ ಹೇಳಿಯಾಗಿತ್ತು. ಚಿಕ್ಕಪ್ಪ ಉಣ್ಣುತ್ತಿದ್ದವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಒಂದು ಕುಂಬಾರ ಹುಳ, ಸೊಪ್ಪು ತರುವಾಗ ತೆರೆದ ಬಾಗಿಲಿಂದ ನುಸುಳಿ, ಹುಳಮನೆ ತೊಲೆಗೆ ಮಣ್ಣು ಮೆತ್ತತೊಡಗಿತು. ಹೊರಗೆ ಹೋಗಲಾರದೆ ಪರದೆಗೆ ಡಿಕ್ಕಿ ಹೊಡೆಯುತ್ತಿದ್ದುದನ್ನು ನೋಡಿ ಅಜ್ಜಿಗೆ ಎಲ್ಲಿಲ್ಲದ ಸಡಗರ.

"ಏ ರತ್ನಾ, ಬಾರೇ ಇಲ್ಲಿ! ಇದು ಸುಮ್‌ಸುಮ್ನೆ ಕಟ್ಟಲ್ಲ ಕಣೇ. ಮನೇಲಿ ಮಣ್ಣಿನ ಗೂಡು ಬಿತ್ತು ಅಂದ್ರೆ ಹಿಂದೇನೇ ತೊಟ್ಲು ಬರ್ತದೆ!"

ಅಜ್ಜಿ ಕುಡುಗೋಲು ತಂದು ಪರದೆಯ ಮೂಲೆಗೆ ಇಟ್ಟಳು. ಅಪ್ಪ ಓಡಿ ಬಂದ. "ಅಮ್ಮಾ, ಬ್ಯಾಡಮ್ಮ, ಊಜಿ ನುಗ್ತದೆ."

"ಬಾಯ್ ಮುಚ್ಚೋ. ಬಸುರಿ ಹುಳದ ದಾರಿ ಕಟ್ಟಿ ಪಾಪ ಸುತ್ಕೊಳ್ಳಾ?" ಅಂಗೈ ಅಗಲ ಪರದೆ ಕೊಯ್ದೇ ಬಿಟ್ಟಳು.

ಅವತ್ತಿಂದ ಕುಂಬಾರ ಹುಳ ರಾಜನ ಹಾಗೆ ಬಂದು ಹೋಗತೊಡಗಿತು. ಹಸಿರು ಹುಳಗಳನ್ನು ಹಿಡಿದು ತಂದು ಮಡಕೆಯೊಳಗೆ ತುರುಕುತ್ತಿತ್ತು. "ತಿನ್ನಕ್ಕಲ್ಲ ಅದು," ಅನ್ನುತ್ತಿದ್ದಳು ಅಜ್ಜಿ. "ಕಿವೀಲಿ ಝೂಂ ಝೂಂ ಅಂತ ಹೇಳಿ ಹೇಳಿ, ಆ ಪರದೇಶಿ ಹುಳಾನ ತನ್ನ ಮಗೂನೇ ಮಾಡ್ಕೊಂಬಿಡ್ತದೆ."

ಈ ಮಾತು ಚಿಕ್ಕಮ್ಮನಿಗೆ ಬಲು ಹಿಡಿಸಿತು. ಜಡೆ ಹಾಕುವಾಗ ನನ್ನ ಕಿವಿ ಹತ್ತಿರ ಬಗ್ಗಿ "ಝೂಂ" ಅನ್ನುತ್ತಿದ್ದಳು. ನನಗೆ ಕಚಗುಳಿ. "ನಾನೂ ಒಂದು ಹುಳ ಹಿಡ್ದಿದೀನಿ ಕಣೇ ಪುಟ್ಟಿ. ಯಾವಾಗ ನನ್ ಮಗಳಾಗ್ತೀಯಾ?"

"ಈ ಜಡೆ ಮುಗೀಲಿ, ಆಮೇಲೆ," ಅನ್ನುತ್ತಿದ್ದೆ. ಅವಳು ಬೇಕಂತಲೇ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಆ ತಿಂಗಳು ಚಿಕ್ಕಮ್ಮ ಜಗಲಿ ಮೇಲೆ ಕೂರಲಿಲ್ಲ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಹಿತಕಿದ ಬೇಳೆ ಸಾರಿನ ಮೊದಲ ಸೌಟು ಅವಳ ತಟ್ಟೆಗೇ ಬೀಳತೊಡಗಿತು. ಭಾರ ಎತ್ತಬೇಡ ಅಂತ ಅಜ್ಜಿಯೇ ಸೊಪ್ಪಿನ ಹೊರೆ ಕಿತ್ತುಕೊಂಡಳು. ಚಿಕ್ಕಮ್ಮ ನಗುತ್ತಿದ್ದಳು, ಆದರೆ ಆಗಾಗ ತೊಲೆ ಕಡೆ ನೋಡುವಾಗ ಅವಳ ಮುಖದಲ್ಲಿ ಹೆದರಿಕೆ ಇರುತ್ತಿತ್ತು.

ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅವುಗಳ ಮೈಮೇಲೆ ಕಪ್ಪು ಚುಕ್ಕೆಗಳು ಕಂಡವು. ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಒಂದು ಬೆಳಗ್ಗೆ ನೋಡಿದರೆ ನೆಲದ ತುಂಬ ಊಜಿಯ ಬಿಳಿ ಮರಿಗಳು ಹರಿದಾಡುತ್ತಿದ್ದವು. ರೇಷ್ಮೆಗೂಡುಗಳೆಲ್ಲ ತೂತು. ಅದೇ ಬೆಳಗ್ಗೆ ಚಿಕ್ಕಮ್ಮ ಹಿತ್ತಿಲ ಜಗಲಿ ಮೇಲೆ ಕೂತಿದ್ದಳು.

"ಹೊಟ್ಟೇನೂ ಬರಿದು, ಬೆಳೇನೂ ಬರಿದು. ಎಂಥಾ ಕಾಲ್ಗುಣ ತಂದ್ಯೇ ಮಹಾತಾಯಿ!" ಅಜ್ಜಿ ಬೀದಿಗೆ ಕೇಳೋ ಹಾಗೆ ಕೂಗಿದಳು. ಪರದೆ ಕೊಯ್ದವಳು ಅವಳು, ಅನ್ನಿಸಿಕೊಂಡವಳು ಚಿಕ್ಕಮ್ಮ. ಅಪ್ಪ ಪರದೆಯ ಹರಿದ ಮೂಲೆಯನ್ನೊಮ್ಮೆ ನೋಡಿದ, ಅಷ್ಟೇ.

ಅಜ್ಜಿ ಪೊರಕೆಯಿಂದ ತೊಲೆಯ ಗೂಡು ಹೊಡೆದು ಹಿತ್ತಿಲಿಗೆ ಗುಡಿಸಿದಳು. ಒಡೆದ ಮಡಕೆ ಚಿಕ್ಕಮ್ಮನ ಕಾಲ ಬಳಿಯೇ ಬಿತ್ತು. ಅವಳು ಕಡ್ಡಿಯಿಂದ ಬಿಡಿಸಿದಳು. ಒಳಗೆ ಅಲ್ಲಾಡದ ಹಸಿರು ಹುಳಗಳು, ಕೆಲವು ಅರ್ಧ ತಿಂದವು. ಅವುಗಳ ನಡುವೆ ಮೈತುಂಬಿಕೊಂಡ ಒಂದು ಬಿಳಿ ಮರಿ.

ಕಡ್ಡಿಯ ತುದಿಯಿಂದ ಆ ಮರಿಯನ್ನು ಮುಟ್ಟಿದಳು. "ಮಗು ಮಾಡ್ಕೊಳ್ಳಲ್ಲ ಕಣೇ ಪುಟ್ಟಿ," ಅಂದಳು. "ತನ್ನ ಮಗೂಗೆ ಉಣ್ಣಿಸ್ತದೆ, ಅಷ್ಟೇ."

ಉಗಾದಿಗೆ ಮುಂಚೆ ಸಾದಲಿಯಿಂದ ಅವಳ ಅಣ್ಣ ಕರೆದುಕೊಂಡು ಹೋಗಲು ಬಂದ. ಹೊರಡೋ ಮುಂಚೆ ಚಿಕ್ಕಮ್ಮ ನನ್ನನ್ನು ಹೊಸಿಲ ಮೇಲೆ ಕೂರಿಸಿಕೊಂಡು ಬಿಗಿಯಾಗಿ ಜಡೆ ಹಾಕಿದಳು. ನಾನು ಕಿವಿ ಒಡ್ಡಿಕೊಂಡೇ ಇದ್ದೆ. ಅವಳು ಝೂಂ ಅನ್ನಲಿಲ್ಲ. ಆಮೇಲೆ ಬಂದ ಹೊಸ ಚಿಕ್ಕಮ್ಮನಿಗೂ ಮಕ್ಕಳಾಗಲಿಲ್ಲ. ಆಗ ಅಜ್ಜಿ ಯಾರ ಕಾಲ್ಗುಣದ ಮಾತೂ ಎತ್ತಲಿಲ್ಲ.

ಹುಳಮನೆ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಮಹಡಿ ಎದ್ದಿದೆ. ಮಣ್ಣು ಮೆತ್ತಲು ತೊಲೆಯಿಲ್ಲ, ಹಿತ್ತಿಲ ಜಗಲಿಯೂ ಇಲ್ಲ. ಅದು ಹೋಗಿದ್ದೇ ಒಳ್ಳೇದಾಯಿತು. ಕುಂಬಾರ ಹುಳದ ವಿಷಯ ಪುಸ್ತಕದಲ್ಲೂ ಓದಿದೆ. ಚಿಕ್ಕಮ್ಮ ಕಂಡದ್ದೇ ಸರಿ, ಅಜ್ಜಿಯದು ಬರೀ ಕತೆ. ಆದರೂ ನನ್ನ ಮಗಳಿಗೆ ತಲೆ ಬಾಚುವಾಗ ನನಗೇ ಗೊತ್ತಿಲ್ಲದೆ ಗಂಟಲಿಂದ ಝೂಂ ಅಂತ ಹೊರಡುತ್ತದೆ. "ಏನಮ್ಮಾ ಅದು, ಕಚಗುಳಿ!" ಅಂತ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ.

ಚಿಕ್ಕಮ್ಮ ಸಾದಲಿಯಲ್ಲೇ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಥಿಯೂ ಆಗಿಹೋಗಿತ್ತು. ಮಕ್ಕಳಿಲ್ಲದವಳು ಅಂತ ಅಣ್ಣನ ಮಗ ಕೊಳ್ಳಿ ಇಟ್ಟನಂತೆ. ಮಕ್ಕಳಿಲ್ಲದವಳಂತೆ! ಜಡೆ ಮುಗೀಲಿ, ಆಮೇಲೆ ಅಂದಿದ್ದೆ. ಆ ಜಡೆ ಮುಗಿದು ಎಷ್ಟು ಕಾಲವಾಗಿತ್ತು.